ಮುನ್ನೂರ ಎಂಬತ್ತನಾಲ್ಕನೆಯ ಗುಳಿ

ಆಗಸ್ಟ್ 4, 2025, ಸೋಮವಾರ

2021ರ ಫೆಬ್ರವರಿ 9, ಮಂಗಳವಾರ ಬೆಳಿಗ್ಗೆ ನನ್ನ ತಮ್ಮ ಚಂದ್ರುವಿನ ಕುತ್ತಿಗೆಯಿಂದ ನಿಂಬೆಕಾಯಿ ಗಾತ್ರದ ಗಡ್ಡೆ ತೆಗೆದರು. ಪರೀಕ್ಷೆ ಮಾಡಿ ಬಿಸಾಡುತ್ತೇವೆ ಎಂದರು. ಬಿಸಾಡಲಿಲ್ಲ. ನಾಲ್ಕೂವರೆ ವರ್ಷದಿಂದ ಅದನ್ನು ಬೆಳೆಸುತ್ತಿದ್ದಾರೆ. ನಡೆದ ಅನ್ಯಾಯ ಇದು. ಮುಂದೆ ನನಗೆ ಮರೆವು ಬಂದರೂ ಇಲ್ಲಿರಲಿ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಇಂದು ರಿಜಿಸ್ಟರ್ ಅಂಚೆಯಲ್ಲಿ ಕಾಗದ ಬಂತು. ಲಕೋಟೆಯ ಮೇಲೆ ನನ್ನ ಹೆಸರಿಲ್ಲ, ಅವನ ಹೆಂಡತಿ ಸೌಮ್ಯಳ ಹೆಸರೂ ಇಲ್ಲ. ಅವನದೇ ಹೆಸರು. ಚಂದ್ರು ತೀರಿಕೊಂಡದ್ದು 2021ರ ನವೆಂಬರ್ 3ರಂದು. ಅವತ್ತು ಹೆಗಲು ಕೊಟ್ಟವರಲ್ಲಿ ಈ ಅಂಚೆಯವನೂ ಒಬ್ಬ. ಕಾಗದ ಹಿಡಿದು ಗೇಟಿನಲ್ಲೇ ನಿಂತ. "ಮೇಡಂ, ಚಂದ್ರಣ್ಣಂಗೆ ಬಂದದೆ. ಸಹಿ ಯಾರ್ದು ಹಾಕಿಸ್ಲಿ?"

"ಪ್ರಿಯ ಚಂದ್ರು ಅವರೇ, ನಿಮ್ಮ ಮಾದರಿಯಿಂದ ಬೆಳೆದ ಜೀವಕೋಶಗಳು ಚೆನ್ನಾಗಿವೆ" ಎಂದು ಶುರುವಾಗುತ್ತದೆ. ಬರೆದದ್ದು ಬೆಂಗಳೂರಿನ ಒಂದು ಔಷಧ ಸಂಶೋಧನೆಯ ಕಂಪನಿ. ಗಡ್ಡೆಯ ಚೂರು ಆಸ್ಪತ್ರೆಯಿಂದ ಅವರ ಕೈಗೆ ಹೋಗಿದೆ. ಗ್ರಂಥಾಲಯದ ಕೆಲಸದಲ್ಲಿದ್ದಾಗ ನಾನು ಹೊಸ ಪುಸ್ತಕಕ್ಕೆ ಹಾಕುತ್ತಿದ್ದಂತೆ ಅವರೂ ಒಂದು ಸಂಖ್ಯೆ ಹಾಕಿದ್ದಾರೆ: ಕೆ-114. ಒಂದು ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಈ ಜೀವಕೋಶಗಳ ಫೋಟೊ ತೆಗೆಯುತ್ತದಂತೆ. ಯಾವ ಔಷಧಿಗೆ ಅವು ಹೇಗೆ ಬದಲಾದವು ಎಂದು ಕಂಪ್ಯೂಟರು ಅಳೆಯುತ್ತದಂತೆ. "ದಾನಿಗಳೂ" ನೋಡಿ ಸಂತೋಷಪಡಲಿ ಎಂದು ಮೊಬೈಲಿನಲ್ಲಿ ತೆರೆಯುವ ಲಿಂಕ್ ಕೊಟ್ಟಿದ್ದಾರೆ.

ಜೊತೆಗೆ ಒಪ್ಪಿಗೆ ಪತ್ರದ ಪ್ರತಿ, ಇಂಗ್ಲಿಷಿನ ಒಂಬತ್ತು ಪುಟ. ಕೊನೆಯಲ್ಲಿ ಚಂದ್ರುವಿನ ಸಹಿ. ಡ್ರಿಪ್ ಚುಚ್ಚಿದ ಕೈಯಲ್ಲಿ ಹಾಕಿದ್ದರಿಂದ ಸಹಿಯ ಬಾಲ ಕೆಳಗೆ ಜಾರಿದೆ. 1976ರಲ್ಲಿ ಹಾಸನದ ಕಡೆ ನಮ್ಮ ಹೊಲ ಅಣೆಕಟ್ಟೆಯ ನೀರಿಗೆ ಹೋಗುವಾಗ ಅಪ್ಪ ಕೆಂಪಣ್ಣನಿಂದಲೂ ಹೀಗೇ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಕಾಗದದಲ್ಲಿ ಏನಿದೆ ಎಂದು ಅವನಿಗೂ ಯಾರೂ ಓದಿ ಹೇಳಲಿಲ್ಲ. ನನಗಾಗ ಹನ್ನೆರಡು ವರ್ಷ, ಪಕ್ಕದಲ್ಲೇ ನಿಂತಿದ್ದೆ. ಕುಶಾಲನಗರದ ಪಕ್ಕದ ಈ ಊರಿಗೆ ನಾವು ಬಂದದ್ದು ಆ ಹೆಬ್ಬೆಟ್ಟಿನಿಂದ.

ಇಂದೇ ಅರ್ಜಿ ಬರೆದೆ. ಹತ್ತು ಅಂಶ. ಹತ್ತನೆಯದು ಹೀಗಿದೆ: "ಕೆ-114 ಎಂಬ ಹೆಸರಿನಲ್ಲಿ ಇಟ್ಟುಕೊಂಡಿರುವುದನ್ನು ಕೊನೆಯ ಕಣದವರೆಗೆ ನಾಶಮಾಡಿ, ಮಾಡಿದ ದಿನ ಮತ್ತು ಗಳಿಗೆಯನ್ನು ಲಿಖಿತವಾಗಿ ತಿಳಿಸಬೇಕು." ಒಂದು ಪ್ರತಿ ಮಡಿಕೇರಿಯ ಜಿಲ್ಲಾ ಕಚೇರಿಗೆ. ನಲವತ್ತು ವರ್ಷದಲ್ಲಿ ನೂರಾರು ಅರ್ಜಿ ಬರೆದಿದ್ದೇನೆ. ಒಂದನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಆಗಸ್ಟ್ 7, ಗುರುವಾರ

ಕಂಪನಿಯಿಂದ ಫೋನ್. ಹುಡುಗಿಯ ದನಿ.

"ಸರ್ವಮಂಗಳ ಮೇಡಂ? ನಾನು ಮೋನಿಷಾ. ಮಡಿಕೇರಿ ಲೈಬ್ರರಿಗೆ ನಮ್ಮ ತಾತ ನಾಣಯ್ಯನ ಜೊತೆ ಬರ್ತಿದ್ದೆ. ಬರೀ ನಾಯಿ ಪುಸ್ತಕ ಓದ್ತಿದ್ದೆ, ನೆನಪಿದ್ಯಾ?"

"ಎರಡು ನಾಯಿ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ" ಎಂದೆ.

"ಅಯ್ಯೋ ದೇವ್ರೇ! ಅದನ್ನೂ ಅರ್ಜೀಲಿ ಹಾಕ್ಬೇಡಿ ಮತ್ತೆ!" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, ಆ ಯಂತ್ರ ನಡೆಸುವವಳು ತಾನೇ ಎಂದಳು. ಸಹಿಯಾದ ಒಪ್ಪಿಗೆ ಇರುವುದರಿಂದ ಕಂಪನಿಯ ತಪ್ಪೇನೂ ಇಲ್ಲವಂತೆ; ಆದರೂ ನನ್ನ ಅರ್ಜಿ ಒಂದು ಸಮಿತಿಯ ಮುಂದೆ ಹೋಗುತ್ತದಂತೆ.

"ಮೇಡಂ, ನಿಮ್ಮ ತಮ್ಮನಿಗೆ ಬಂದಿದ್ದು ತುಂಬಾ ಅಪರೂಪದ್ದು. ಇದುವರೆಗೆ ಹನ್ನೊಂದು ಸಾವಿರ ಔಷಧಿ ಹಾಕಿ ನೋಡಿದೀವಿ. ಎರಡು ಸ್ವಲ್ಪ ತಡೀತಿವೆ. ನಾಳೆ ಇನ್ಯಾರಿಗೋ ಆಗ್ಬಹುದಲ್ವಾ?"

"ಆಗಲಿ. ಕೇಳಿ ತೆಗೆದುಕೊಳ್ಳಬೇಕಿತ್ತು."

ಫೋನ್ ಇಟ್ಟೆ.

ಆಗಸ್ಟ್ 8, ಶುಕ್ರವಾರ

ಲಿಂಕ್ ತೆರೆದೆ. ಕುತೂಹಲಕ್ಕಲ್ಲ, ಸಾಕ್ಷ್ಯಕ್ಕೆ.

ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಹದಿನಾರು ಸಾಲು, ಸಾಲಿಗೆ ಇಪ್ಪತ್ತನಾಲ್ಕು ಗುಳಿ. ಒಟ್ಟು ಮುನ್ನೂರ ಎಂಬತ್ತನಾಲ್ಕು. ಒಂದೊಂದಕ್ಕೆ ಒಂದೊಂದು ಔಷಧಿ. ಹಿಂದಿನಿಂದ ಇಣುಕಿದ ಅವ್ವ, "ಅಳಗುಳಿಮಣೆ ಇದ್ದಂಗದಲ್ಲೇ" ಎಂದಳು. ಅವ್ವನ ಹೆಸರು ರಾಮಮ್ಮ, ಎಂಬತ್ತೆರಡು ವರ್ಷ. ಅವಳಿಗೆ ಹೇಳಬಾರದಿತ್ತು. ಹೇಳಿಬಿಟ್ಟಿದ್ದೆ.

ಒಂದು ಗುಳಿಯನ್ನು ಬೆರಳಿನಿಂದ ಒತ್ತಿದರೆ ದೊಡ್ಡದಾಗುತ್ತದೆ. ಬೂದು ಬಣ್ಣದ ನೆಲ, ಅದರ ಮೇಲೆ ಚಪ್ಪಟೆಯಾಗಿ ಅಂಟಿಕೊಂಡ ಜೀವಕೋಶಗಳು. ಕೆಲವಕ್ಕೆ ಉದ್ದನೆಯ ಕೈ. ಹದಿನೈದು ನಿಮಿಷ ಕಳೆದು ಇನ್ನೊಂದು ಫೋಟೊ ಬಂದಾಗ ಕೈ ಬೇರೆ ಕಡೆ ಇತ್ತು.

"ಇನ್ನೂ ಬದುಕವ್ನಾ ಹಂಗಾರೆ?" ಎಂದಳು ಅವ್ವ.

"ಅದು ಅವನಲ್ಲ ಅವ್ವ. ಅವನನ್ನು ಕೊಂದ ರೋಗ."

"ಅವನ ಮೈಯಾಗೇ ಹುಟ್ಟಿದ್ದು ತಾನೆ? ನಾನು ಉಣ್ಣಿಸಿದ್ದೇ ತಾನೆ ತಿಂದಿದ್ದು?"

ಆಗಸ್ಟ್ 13, ಬುಧವಾರ

ಕಾಗದದ ಜೊತೆ ಬಣ್ಣದ ಫೋಟೊ ಒಂದಿತ್ತು. ನೀಲಿ ಬೀಜ, ಸುತ್ತ ಹಸಿರು ನಾರು, ಕೆಂಪು ಪುಡಿ ಚೆಲ್ಲಿದ ಹಾಗೆ. ನೋಡಲು ಚೆನ್ನಾಗಿದೆ. ಅವ್ವ ಅದನ್ನು ದೇವರ ಗೂಡಿನ ಪಕ್ಕ ಸಿಕ್ಕಿಸಿದ್ದಳು. ಮೋನಿಷಾಗೆ ಫೋನ್ ಮಾಡಿ, ನಮಗೆ ಮೊಬೈಲಿನಲ್ಲಿ ಬರೀ ಬೂದು ಯಾಕೆ ಎಂದು ಕೇಳಿದೆ.

"ಬಣ್ಣ ಹಾಕ್ಬೇಕಾದ್ರೆ ಮೊದಲು ಕೊಲ್ಬೇಕು ಮೇಡಂ. ಬಣ್ಣದ್ದೆಲ್ಲ ಸತ್ತಿರೋವು. ಬೂದು ಇದ್ರೆ ಜೀವ ಇದೆ ಅಂತ."

ಬಣ್ಣದ ಫೋಟೊವನ್ನು ಗೂಡಿನಿಂದ ತೆಗೆದು ಫೈಲಿಗೆ ಹಾಕಿದೆ.

ಆಗಸ್ಟ್ 19, ಮಂಗಳವಾರ

ಮಂಗಳವಾರ ಔಷಧಿಯ ದಿನ. ಹನ್ನೊಂದು ಗಂಟೆಗೆ ಯಂತ್ರದ ಕೈ ಬಂದು ಹನಿ ಹಾಕುತ್ತದೆ. ಹನ್ನೆರಡರ ಹೊತ್ತಿಗೆ ಕೆಲವು ಗುಳಿಗಳಲ್ಲಿ ಚಾಚಿದ ಕೈಗಳು ಒಳಗೆ ಸೇರುತ್ತವೆ. ಎರಡು ಗಂಟೆಗೆ ಜೀವಕೋಶಗಳು ದುಂಡಗಾಗುತ್ತವೆ. ಸಂಜೆಗೆ ನೆಲ ಬಿಟ್ಟು ತೇಲುತ್ತವೆ. ಹೀಗೆ ವಾರ ವಾರ, ಹೊಸ ತಟ್ಟೆಯಲ್ಲಿ. ಇಲ್ಲಿ ಒಂದು ಸಲ ಸತ್ತವನು ಅಲ್ಲಿ ಎಷ್ಟು ಸಲ?

ಅವ್ವ ಫೋನ್ ಕಸಿದು ಮೋನಿಷಾಳನ್ನೇ ಕೇಳಿದಳು: "ಮಗಾ, ನೋವಾಯ್ತದಾ?"

"ಇಲ್ಲಜ್ಜಿ. ನೋವಾಗಕ್ಕೆ ನರ ಬೇಕು, ತಲೆ ಬೇಕು."

"ನಮ್ಮ ಚಂದ್ರು ಜ್ವರದ ಮಾತ್ರೆಗೂ ಅಳೋನು" ಎಂದಳು ಅವ್ವ.

ಕೊನೆಯ ಸಾಲಿನ ಕೊನೆಯ ಗುಳಿಗೆ ಔಷಧಿ ಹಾಕುವುದಿಲ್ಲ. ಹೋಲಿಸಿ ನೋಡಲು ಬಿಟ್ಟದ್ದು. ಅದರಲ್ಲಿ ಮಾತ್ರ ಎಲ್ಲವೂ ಗೋಡೆಗೆ ಒತ್ತಿಕೊಂಡು ಸೇರುತ್ತವೆ, ನಡುವೆ ಖಾಲಿ. ಅಂಚಿನ ಗುಳಿಗಳಲ್ಲಿ ನೀರು ಬೇಗ ಆರುತ್ತದೆ, ಹಾಗಾಗಿ ಅಲ್ಲಿಯವು ವಿಚಿತ್ರವಾಗಿ ಆಡುತ್ತವೆ, ಕಂಪ್ಯೂಟರು ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದಳು ಮೋನಿಷಾ.

ಚಂದ್ರು ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಂಕ್ತಿಯ ಕೊನೆಗೇ, ಗೋಡೆಗೆ ಒರಗಿಯೇ. ಶುಂಠಿ ಹೇರುವ ಪಿಕಪ್ ಓಡಿಸುತ್ತಿದ್ದ. ಊಟಕ್ಕೆ ನಿಂತ ಹೋಟೆಲಿನಲ್ಲೂ ಗೋಡೆ ಬದಿಯ ಕುರ್ಚಿ ಖಾಲಿಯಾಗುವವರೆಗೆ ನಿಂತೇ ಇರುತ್ತಿದ್ದನಂತೆ. ಇದನ್ನು ಸುಮ್ಮನೆ ಬರೆದಿಡುತ್ತಿದ್ದೇನೆ. ನಾನು ಇಂಥದ್ದನ್ನು ನಂಬುವವಳಲ್ಲ.

ಆಗಸ್ಟ್ 24, ಭಾನುವಾರ

ಓದುಗರ ಬಳಗದ ಸಭೆ ಇತ್ತು. ಹೋಗಲಾಗಲಿಲ್ಲ. ಮೊಬೈಲಿಗೆ ಚಾರ್ಜ್ ಇರಲಿಲ್ಲ, ಬಿಟ್ಟು ಹೋಗುವ ಹಾಗೂ ಇರಲಿಲ್ಲ.

ಆಗಸ್ಟ್ 30, ಶನಿವಾರ

ಬೆಳಿಗ್ಗೆ ಹತ್ತೂಕಾಲಿಗೆ ಅವ್ವ ಫೋನನ್ನು ಬಾಯಿ ಹತ್ತಿರ ಹಿಡಿದು "ಚಂದ್ರೂ, ಲೇ ಚಂದ್ರೂ" ಎಂದು ಕೂಗಿದಳು. ಗದ್ದೆಯಲ್ಲಿದ್ದವನನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆಯೇ. ನಾನು ಬೈದೆ. ಅದು ಮಾತಾಡುವ ಫೋನಲ್ಲ, ಬರೀ ಫೋಟೊ, ಅಲ್ಲಿಗೆ ಏನೂ ಕೇಳಿಸುವುದಿಲ್ಲ ಎಂದೆ.

ಹತ್ತೂವರೆಯ ಫೋಟೊದಲ್ಲಿ ಮುನ್ನೂರ ಎಂಬತ್ತನಾಲ್ಕು ಗುಳಿಗಳಲ್ಲೂ ಎಲ್ಲವೂ ಒಂದೇ ಕಡೆಗೆ ಸರಿದಿದ್ದವು.

ಮೋನಿಷಾ ಇಂದು ರಜೆಯಲ್ಲಿದ್ದರೂ ಫೋನ್ ತೆಗೆದಳು. "ಯಾರೋ ಬಾಗಿಲು ತೆಗೆದಿರ್ಬೇಕು, ತಟ್ಟೆ ವಾಲಿರತ್ತೆ" ಎಂದಳು. ಅರ್ಧ ಗಂಟೆ ಬಿಟ್ಟು ಅವಳೇ ಫೋನ್ ಮಾಡಿದಳು. "ಮೇಡಂ, ಇವತ್ತು ಆ ರೂಮಿಗೆ ಯಾರೂ ಹೋಗಿಲ್ಲ. ಏನೋ ವೈಬ್ರೇಷನ್ ಇರ್ಬೇಕು."

ಅವಳ ದನಿಯಲ್ಲಿ ನಗು ಇರಲಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಔಷಧಿಯ ದಿನ. ನೋಡಲಿಲ್ಲ. ಕೊನೆಯ ಗುಳಿಯನ್ನು ಮಾತ್ರ ನೋಡಿದೆ. ಚೆನ್ನಾಗಿದ್ದಾನೆ.

ಸೆಪ್ಟೆಂಬರ್ 8, ಸೋಮವಾರ

ಇಂದಿನಿಂದ ಪಕ್ಷಮಾಸ. ಅಮಾವಾಸ್ಯೆಗೆ, ಅಂದರೆ 21ಕ್ಕೆ, ನಮ್ಮಲ್ಲಿ ಹಿರಿಯರಿಗೆ ಎಡೆ ಇಡಬೇಕು. ಸತ್ತವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ, ಒಬ್ಬೊಬ್ಬರಿಗೂ ಒಂದೊಂದು ಬಾಳೆಎಲೆ ಹಾಕಿ ಬಡಿಸಿ, ಹೊಸ ಬಟ್ಟೆ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಒಳಗೆ ಇಣುಕುವಂತಿಲ್ಲ. ಚಂದ್ರುವನ್ನು ಹಿರಿಯರಿಗೆ ಸೇರಿಸಿದ್ದು 2022ರಲ್ಲಿ. ಮೂರು ವರ್ಷ ಅವನ ಎಲೆ ಪಂಕ್ತಿಯ ಕೊನೆಗೆ, ಗೋಡೆಯ ಬಳಿ.

ಇಂದು ಅವ್ವ ಅವನ ಫೋಟೊದ ಹಾರ ತೆಗೆದಳು.

"ಜೀವ ಇರೋನಿಗೆ ಯಾರಾದ್ರೂ ಎಡೆ ಇಕ್ತಾರಾ? ಮೂರು ವರ್ಷ ತಪ್ಪು ಮಾಡ್ಬುಟ್ಟೊ. ಈ ಸಲ ಅವನಿಗೆ ಎಲೆ ಹಾಕಂಗಿಲ್ಲ."

ಸೌಮ್ಯ ಕುಶಾಲನಗರದ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟಿದ್ದಳು. ಅವ್ವ ಕುಂಕುಮದ ಭರಣಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಇಕ್ಕಳೇ ತಾಯಿ. ಬೋಳು ಹಣೇಲಿ ಹೋಗ್ಬ್ಯಾಡ. ಗಂಡ ಅವ್ನೆ."

ಸೌಮ್ಯ ನನ್ನ ಮುಖ ನೋಡಿದಳು. "ಅಕ್ಕ, ಬೇಡ ಅಂತ ಹೇಳಿ. ಒಂದ್ ಸಲ ಅಳಿಸ್ಕೊಂಡಿದೀನಿ. ಇನ್ನೊಂದ್ ಸಲ ನನ್ ಕೈಲಾಗಲ್ಲ."

ಹೇಳಬೇಕಿತ್ತು. ಆಗಲೇ ಒಂಬತ್ತೂವರೆಯ ಫೋಟೊ ಬಂತು. ಅದನ್ನು ನೋಡಿ ತಲೆ ಎತ್ತುವಷ್ಟರಲ್ಲಿ ಸೌಮ್ಯಳ ಹಣೆಯಲ್ಲಿ ಕುಂಕುಮ ಇತ್ತು.

ಸೆಪ್ಟೆಂಬರ್ 12, ಶುಕ್ರವಾರ

ಸೌಮ್ಯಳ ಅಂಗಡಿಗೆ ಹೋಗಿದ್ದೆ. ಒಂದು ನೀಲಿ ಚೌಕಳಿ ಅಂಗಿ ತೆಗೆದುಕೊಂಡೆ, ನಲವತ್ತೆರಡರ ಅಳತೆ. ಎಡೆಗಲ್ಲ. ರಿಯಾಯಿತಿ ಇತ್ತು, ಅಷ್ಟೆ. ಸೌಮ್ಯ ಬಿಲ್ ಹಾಕಿ, ಅಂಗಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

ಸೆಪ್ಟೆಂಬರ್ 16, ಮಂಗಳವಾರ

ಮೋನಿಷಾ ಫೋನ್ ಮಾಡಿದಳು.

"ಮೇಡಂ, ನಿಮ್ಮ ಅರ್ಜಿ ಸಮಿತಿಯಲ್ಲಿ ಒಪ್ಪಿಗೆ ಆಯ್ತು. ಹತ್ತೂ ಅಂಶ."

"ಹತ್ತೂ?"

"ಹತ್ತೂ. ನಾನಂತೂ ಬೇಡ ಅಂತ ಹೇಳಿದೆ. ನೀವು ಗೆದ್ರಿ." ಆಮೇಲೆ, "ದಿನಾ ನೋಡ್ತೀರಲ್ವಾ ಮೇಡಂ? ನಮಗೆ ಗೊತ್ತಾಗತ್ತೆ. ಒಂದೇ ಗುಳಿ, ದಿನಕ್ಕೆ ತೊಂಬತ್ತು ಸಲ. ನಾಶ ಮಾಡೋದು ಬೇಡ ಅಂದ್ರೆ ಒಂದು ಸಾಲು ಮೇಲ್ ಹಾಕಿ. 'ಅರ್ಜಿ ಹಿಂತೆಗೆದುಕೊಂಡಿದ್ದೇನೆ' ಅಂತ. ನಿಲ್ಲಿಸ್ತೀವಿ."

ಯಾವ ದಿನ ಮಾಡುತ್ತೀರಿ ಎಂದು ಕೇಳಿದೆ. ಮುಂದಿನ ವಾರ ಇರಬೇಕು, ಮೆಷಿನ್ ಬಿಡುವು ನೋಡಿಕೊಂಡು ತಾನೇ ದಿನ ಹಾಕಿಕೊಳ್ಳುತ್ತದೆ ಎಂದಳು.

ಒಂದು ಸಾಲು ಬರೆಯುವುದು ಕಷ್ಟವಲ್ಲ. ಆದರೆ ಇಂದು ನಾನು ಹಿಂದೆ ಸರಿದರೆ ನಾಳೆ ಇನ್ನೊಬ್ಬರ ಮೈಯಿಂದ ಕೇಳದೆ ತೆಗೆಯುತ್ತಾರೆ. ಅಪ್ಪ ಹೆಬ್ಬೆಟ್ಟು ಒತ್ತಿದ ಮೇಲೆ ಹನ್ನೊಂದು ವರ್ಷ ಕಚೇರಿಗೆ ಅಲೆದ. ಕೊನೆಗೆ ಸುಸ್ತಾಗಿ ಅರ್ಜಿ ವಾಪಸ್ ತೆಗೆದುಕೊಂಡ. ಆ ದಿನ ಅವನು ಮನೆಗೆ ಬಂದ ನಡಿಗೆ ನನಗೆ ನೆನಪಿದೆ.

ಸೆಪ್ಟೆಂಬರ್ 19, ಶುಕ್ರವಾರ

ಆ ಸಾಲನ್ನು ಬರೆದಿದ್ದೇನೆ. ಮೊಬೈಲಿನಲ್ಲೇ ಇದೆ. ಕಳಿಸಿಲ್ಲ. ಸೋಮವಾರ ನೋಡೋಣ. ಮುಂದಿನ ವಾರ ಎಂದಿದ್ದಾಳಲ್ಲ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಆದ ಕ್ರಮದಲ್ಲೇ ಬರೆಯುತ್ತೇನೆ.

ಎಡೆಗೆ ಮೂರು ಎಲೆ: ತಾತ, ಅಜ್ಜಿ, ಅಪ್ಪ. ಮಾಂಸದ ಸಾರು, ಮುದ್ದೆ, ಅಪ್ಪನಿಗೆ ಬೀಡಿ. ಪಂಕ್ತಿಯ ಕೊನೆಗೆ, ಗೋಡೆಯ ಬಳಿ, ನೆಲ ಸಾರಿಸಿತ್ತು, ಎಲೆ ಇರಲಿಲ್ಲ. ಧೂಪ ಹಾಕಿ ಹನ್ನೆರಡೂ ಮುಕ್ಕಾಲಿಗೆ ಹೊರಬಂದು ಬಾಗಿಲು ಮುಚ್ಚಿದೆವು. ಹಿತ್ತಲ ಬಾಗಿಲಿಗೂ ಕಿಟಕಿಗಳಿಗೂ ಚಿಲಕ ಹಾಕಿದ್ದು ನಾನೇ. ಅವ್ವ, ಸೌಮ್ಯ, ನಾನು ಜಗಲಿಯಲ್ಲಿ ಕೂತೆವು.

ಹನ್ನೆರಡೂ ಮುಕ್ಕಾಲರ ಫೋಟೊದಲ್ಲಿ ಎಂದಿನಂತೆ ಗೋಡೆಗೆ ಒರಗಿದ್ದ.

ಒಂದು ಗಂಟೆಯದರಲ್ಲಿ ಗೋಡೆ ಬಿಟ್ಟಿದ್ದ. ಎಲ್ಲವೂ ನಡುವೆ ಬಂದಿದ್ದವು. ದುಂಡಗೆ.

ಔಷಧಿಯ ದಿನವಲ್ಲವಲ್ಲ ಎಂದುಕೊಂಡೆ. ಭಾನುವಾರ. ಮೋನಿಷಾಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಬರೆದಿಟ್ಟಿದ್ದ ಆ ಸಾಲನ್ನು ಕಳಿಸಿದೆ. ಹೋಯಿತು ಎಂದು ತೋರಿಸಿತು.

ಆಗ ಒಳಗೆ ಸ್ಟೀಲ್ ಲೋಟ ಉರುಳಿದ ಸದ್ದು. ಉರುಳಿ, ನಿಂತು, ಮತ್ತೆ ಸ್ವಲ್ಪ ಉರುಳಿತು.

"ಬೆಕ್ಕು" ಎಂದೆ.

"ನಮ್ಮನೇಲಿ ಬೆಕ್ಕು ಎಲ್ಲದೆ ಅಕ್ಕ?" ಎಂದಳು ಸೌಮ್ಯ.

ಒಂದೂಕಾಲರ ಫೋಟೊದಲ್ಲಿ ಏನೂ ಇರಲಿಲ್ಲ. ಮುನ್ನೂರ ಎಂಬತ್ತನಾಲ್ಕರಲ್ಲೂ. ತೊಳೆದಿಟ್ಟ ಹಾಗೆ ಬೂದು.

ಬಾಗಿಲು ತೆಗೆದೆವು. ಮೂರು ಎಲೆ ಇಟ್ಟ ಹಾಗೇ ಇದ್ದವು. ಅಪ್ಪನ ಎಲೆಯ ಮುಂದಿದ್ದ ನೀರಿನ ಲೋಟ ಅಲ್ಲಿರಲಿಲ್ಲ. ಪಂಕ್ತಿಯ ಕೊನೆಗೆ, ಎಲೆ ಹಾಕದ ಜಾಗದಲ್ಲಿ, ಗೋಡೆಗೆ ತಾಗಿ ಮಗುಚಿ ಬಿದ್ದಿತ್ತು. ನೆಲದ ಮೇಲೆ ಒಂದು ಹನಿ ನೀರಿರಲಿಲ್ಲ.

ಅವ್ವ ಹೊಸ್ತಿಲಲ್ಲೇ ಕೂತುಬಿಟ್ಟಳು.

"ಬಂದಿದ್ದ ಕಣೇ. ಎಲೆ ಹುಡುಕವ್ನೆ. ಬರೀ ನೀರು ಕುಡುದು ಹೋಗವ್ನೆ."

ಸೆಪ್ಟೆಂಬರ್ 22, ಸೋಮವಾರ

ಕಂಪನಿಯಿಂದ ಮೇಲ್. "ತಮ್ಮ ಮನವಿಯಂತೆ" ಶೀತಲಪೆಟ್ಟಿಗೆಯಲ್ಲಿದ್ದ ಜೀವಕೋಶಗಳ ಸೀಸೆಗಳನ್ನು ಶುಕ್ರವಾರವೇ ನಾಶಮಾಡಿದ್ದಾರೆ. ಕೊನೆಯ ತಟ್ಟೆಯನ್ನು 21ನೇ ತಾರೀಕು ಮಧ್ಯಾಹ್ನ 12.52ಕ್ಕೆ. ಭಾನುವಾರ ಯಂತ್ರಕ್ಕೆ ಬಿಡುವಿದ್ದುದರಿಂದ ಅದೇ ಆ ಗಳಿಗೆ ಆರಿಸಿಕೊಂಡಿದೆ. ಆಗ ಕೋಣೆಯಲ್ಲಿ ಸಿಬ್ಬಂದಿ ಯಾರೂ ಇರಲಿಲ್ಲ. ನನ್ನ ಮೇಲ್ ತಲುಪಿದ್ದು 1.04ಕ್ಕೆ, "ವಿಷಾದಿಸುತ್ತೇವೆ."

ಮೂರು ಪುಟದಲ್ಲಿ ಐದು ಸಲ "ತಮ್ಮ ಮನವಿಯಂತೆ" ಎಂದಿದೆ. ಜವಾಬ್ದಾರಿಯಿಂದ ನುಣುಚಿಕೊಳ್ಳುವವರ ಈ ಭಾಷೆ ನನಗೆ 1976ರಿಂದ ಗೊತ್ತು.

ಮೋನಿಷಾ ಸಂಜೆ ಫೋನ್ ಮಾಡಿ ಅತ್ತಳು. "ನಾನು ಊರಿಗೆ ಬಂದಿದ್ದೆ ಮೇಡಂ. ನಮ್ಮ ತಾತನಿಗೆ ಹುಷಾರಿರ್ಲಿಲ್ಲ."

ಸೌಮ್ಯ ಕನ್ನಡಿಯ ಮುಂದೆ ನಿಂತು ಸೆರಗಿನಿಂದ ಹಣೆ ಒರೆಸಿಕೊಂಡಳು. ಎರಡೇ ಸಲ. ಮೊದಲ ಬಾರಿ ಅಳಿಸಿದಾಗ ಹತ್ತು ಜನ ಅವಳನ್ನು ಹಿಡಿದುಕೊಂಡಿದ್ದರು.

ಸೆಪ್ಟೆಂಬರ್ 24, ಬುಧವಾರ

ಲಿಂಕ್ ಇನ್ನೂ ತೆರೆಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಖಾಲಿ ಗುಳಿಯ ಫೋಟೊ ಬರುತ್ತಲೇ ಇದೆ. ನಿಲ್ಲಿಸಲು ಯಂತ್ರಕ್ಕೆ ಯಾರೂ ಹೇಳಿಲ್ಲ. ಗೋಡೆಯ ಬಳಿ ಏನೋ ಇದ್ದ ಹಾಗೆ ಒಂದು ಗೆರೆ ಕಾಣುತ್ತದೆ. ನೀರು ಆರಿದ ಗುರುತು ಇರಬಹುದು.

ನೀಲಿ ಅಂಗಿ ಮೊಳೆಗೆ ತೂಗುಹಾಕಿದೆ. ಪೆಟ್ಟಿಗೆಯಲ್ಲಿಟ್ಟರೆ ಮಡಿಕೆ ಬೀಳುತ್ತದೆ.

ಹೊಸ ಅರ್ಜಿಯ ಕರಡು ಇಲ್ಲಿದೆ. ಕಂಪನಿಗೆ, ಆಸ್ಪತ್ರೆಗೆ, ಜಿಲ್ಲಾ ಕಚೇರಿಗೆ, ಪತ್ರಿಕೆಗಳಿಗೆ.

"ನನ್ನ ತಮ್ಮ ಚಂದ್ರು, ಕೆಂಪಣ್ಣನ ಮಗ, ಶುಂಠಿ ಸಾಗಿಸುತ್ತಿದ್ದ ಡ್ರೈವರ್. ನನ್ನ ಕೈಯಲ್ಲಿರುವ ಮರಣ ಪ್ರಮಾಣಪತ್ರದಲ್ಲಿ 2021ರ ನವೆಂಬರ್ 3 ಎಂದಿದೆ. ಅದಾಗಿ ಮೂರು ವರ್ಷ ಒಂಬತ್ತು ತಿಂಗಳ ಮೇಲೆ, ಅವನದೇ ಹೆಸರಿಗೆ, ಚೆನ್ನಾಗಿದ್ದೀರಿ ಎಂದು ಬರೆದವರು ನೀವು. 2025ರ ಸೆಪ್ಟೆಂಬರ್ 21ರ ಮಧ್ಯಾಹ್ನ 12.52ಕ್ಕೆ, ಹಿರಿಯರು ಊಟಕ್ಕೆ ಬರುವ ಗಳಿಗೆಯಲ್ಲಿ, ಅವನಿಗೆ ಎಲೆ ಇಲ್ಲದ ದಿನ, ಮನುಷ್ಯರಿಲ್ಲದ ಕೋಣೆಯಲ್ಲಿ ಅವನನ್ನು ಮುಗಿಸಿದವರೂ ನೀವೇ. ಇದನ್ನು ಯಾರು ಮಾಡಿದರು? ಯಾರ ಮಾತಿನ ಮೇಲೆ ಮಾಡಿದರು? ಅವನು ಸತ್ತದ್ದು ಯಾವ ದಿನ? ನಮ್ಮ ತಾಯಿಗೆ ಎಂಬತ್ತೆರಡು ವರ್ಷ, ಬರುವ ವರ್ಷದ ಎಡೆಗೆ ಅವರಿಗೆ ಇದು ತಿಳಿದಿರಬೇಕು. ಉತ್ತರವನ್ನು ನನಗೆ ಲಕೋಟೆಯಲ್ಲಿ ಕಳಿಸಬೇಡಿ. ಸತ್ತವರ ಹೆಸರಿಗೂ ಕಳಿಸಬೇಡಿ. ಹೆಸರು, ದಿನ, ಗಳಿಗೆ ಮೂರನ್ನೂ ಕನ್ನಡದಲ್ಲಿ, ಎಲ್ಲರೂ ಓದುವ ಪತ್ರಿಕೆಯಲ್ಲಿ, ಸಹಿ ಹಾಕಿ ಪ್ರಕಟಿಸಿ."